ಮುತ್ತಲ ಹಳ್ಳ ದಾರಿ ಬಿಟ್ಟ ವರ್ಷ

ಕಮಲಾಪುರದ ಮೂಡಲಿಗೆ, ಕೆಂಪು ಗುಡ್ಡಗಳ ಮಡಿಲಲ್ಲಿ ಮುತ್ತಲ ಹಳ್ಳ ಹರಿಯುತ್ತಿತ್ತು. ಹೊಳೆ ಅನ್ನುವಷ್ಟು ದೊಡ್ಡದಲ್ಲ. ಆದರೆ ಬೇಸಿಗೆಯಲ್ಲೂ ಪೂರ್ತಿ ಬತ್ತುತ್ತಿರಲಿಲ್ಲ, ಹಾಗಾಗಿ ಅದರ ದಂಡೆಯಲ್ಲಿದ್ದವರು ಅದನ್ನು ಹೊಳೆ ಎಂದೇ ಕರೆಯುತ್ತಿದ್ದರು. ಮೇಲಿನ ಕಾಡಿನಲ್ಲಿ ಹುಟ್ಟಿ, ಜೋಡುಗುಂಡು ಎಂಬ ಎರಡು ಬಂಡೆಗಳ ಇಕ್ಕಟ್ಟಿನಲ್ಲಿ ನುಸುಳಿ, ಅಲ್ಲಿಂದ ಕೆಳಗೆ ಮೀನು ಹಿಡಿಯುವ ಕಬ್ಬಲಿಗರ ನಾಲ್ಕಾರು ಗುಡಿಸಲುಗಳ ಅಂಗಳ ಸವರಿಕೊಂಡು ಅದು ಮುಂದೆ ಹೋಗುತ್ತಿತ್ತು. ಆ ಗುಡಿಸಲುಗಳಲ್ಲೊಂದಕ್ಕೆ ಬಂಡೆಮ್ಮ ಸೊಸೆಯಾಗಿ ಬಂದಳು. ನಿಜಾಮರ ಕಾಲವದು. ಕಾಡಿನ ಒಂದು ಮರ ಕಡಿಯಬೇಕಾದರೂ ಸರಕಾರದ ಪರವಾನಗಿ ಬೇಕಿತ್ತು. ಹಳ್ಳದ ಮೀನಿಗೆ ಮಾತ್ರ ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಬಂಡೆಮ್ಮ ಕಲಬುರ್ಗಿಯ ಹುಡುಗಿ. ಕೋಟೆಯ ಕಂದಕದ ಪಕ್ಕದ ಓಣಿಯಲ್ಲಿ ಬೆಳೆದವಳು. ಅವಳ ಅಪ್ಪ ರೈಲು ಟೇಸನ್ನಿನಲ್ಲಿ ಮೂಟೆ ಹೊರುತ್ತಿದ್ದ. ಅವಳಿಗೆ ಗೊತ್ತಿದ್ದ ನೀರೆಂದರೆ ಬಾವಿಯ ನೀರು, ಕಂದಕದ ಹಸಿರು ನೀರು. ಎರಡೂ ಇದ್ದಲ್ಲೇ ಇರುವಂಥವು. ಮದುವೆಯಾಗಿ ಬಂದ ಹೊಸತರಲ್ಲಿ, ಮಲಗಿದರೆ ಸಾಕು, ಹೊರಗೆ ಯಾರೋ ನಿಂತು ಮೆಲ್ಲಗೆ ಮಾತಾಡುತ್ತಿದ್ದಾರೆ ಅನಿಸುತ್ತಿತ್ತು.

"ಯಾರರೀ ಹೊರಗ?" ಎಂದು ಗಂಡನನ್ನು ತಿವಿಯುತ್ತಿದ್ದಳು.

ಗಂಡ ಮರೆಪ್ಪ ಕಣ್ಣು ಮುಚ್ಚಿಕೊಂಡೇ ನಗುತ್ತಿದ್ದ. "ಹೊಳಿ. ಅದಕ್ಕ ನಿದ್ದಿ ಇಲ್ಲ. ನೀ ಮಲಕೋ."

ಮರೆಪ್ಪ ಮೀನು ಹಿಡಿಯುವವನು. ಮಾತು ಕಡಿಮೆ, ಆದರೆ ಹಳ್ಳದ ವಿಷಯ ಬಂದರೆ ಬಾಯಿ ಬಿಚ್ಚುತ್ತಿದ್ದ. ಎಲ್ಲಿ ಮಡು, ಎಲ್ಲಿ ಸುಳಿ, ಯಾವ ಬೇರಿನ ಸಂದಿಯಲ್ಲಿ ಕೊರವ ಮೀನು ಅಡಗುತ್ತದೆ ಎಂದು ಹೆಂಡತಿಗೆ ತೋರಿಸುತ್ತಿದ್ದ. ಬಲೆಯಿಂದ ಮೀನು ಕದಿಯುವ ನೀರುನಾಯಿಗಳ ಕತೆ ಹೇಳುತ್ತಿದ್ದ. ಅವನ ಅಜ್ಜನ ಕಾಲಕ್ಕೆ ಇದ್ದವಂತೆ, ಆಮೇಲೆ ಯಾರೂ ಕಂಡಿಲ್ಲವಂತೆ. ಎರಡು ವರ್ಷದಲ್ಲಿ ಬಂಡೆಮ್ಮನಿಗೆ ಆ ಪಿಸುಮಾತು ಕೇಳದಿದ್ದರೆ ನಿದ್ದೆ ಬಾರದು ಅನ್ನುವಂತಾಯಿತು.

ಮೂರನೆಯ ಬೇಸಿಗೆಯಲ್ಲಿ ಕಾಡಿಗೆ ಬೆಂಕಿ ಬಿತ್ತು.

ಇಪ್ಪೆ ಹೂ ಆಯುವವರು ಮರದ ಬುಡದ ತರಗೆಲೆಗೆ ಹಚ್ಚಿದ ಬೆಂಕಿ ಗಾಳಿಗೆ ಹಬ್ಬಿತು ಎಂದು ಕೆಲವರು ಅಂದರು. ಬಿದಿರು ಬಿದಿರಿಗೆ ಉಜ್ಜಿ ಹತ್ತಿತು ಎಂದು ಕೆಲವರು ಅಂದರು. ಹಗಲಲ್ಲಿ ಗುಡ್ಡದ ಮೇಲೆ ಹೊಗೆ ನಿಂತಿರುತ್ತಿತ್ತು, ಸಂಜೆಯಾದರೆ ಗುಡ್ಡದ ಅಂಚಿಗೆ ಯಾರೋ ಕೆಂಪು ದಾರ ಹೊಲಿದ ಹಾಗೆ ಕಾಣುತ್ತಿತ್ತು. ಬಂಡೆಮ್ಮನ ಅತ್ತೆ ಅಂಬಮ್ಮ ಅಂಗಳದಲ್ಲಿ ಕೂತು ಅದನ್ನೇ ನೋಡುತ್ತ, "ಚಂದ ಕಾಣ್ತದ ನೋಡು, ಸುಡೋದು," ಅನ್ನುತ್ತಿದ್ದಳು. ಗಾಳಿ ಬೀಸಿದಾಗ ಬೂದಿ ಹಾರಿ ಬಂದು ರೊಟ್ಟಿಯ ಮೇಲೆ, ನೀರಿನ ಮೇಲೆ, ಒಣಹಾಕಿದ ಸೀರೆಯ ಮೇಲೆ ಕೂರುತ್ತಿತ್ತು. ಬೆಂಕಿ ತಾನಾಗಿ ಆರಿತು. ಆಮೇಲೆ ನೋಡಿದರೆ ಇಡೀ ಗುಡ್ಡ ಕಪ್ಪಗೆ ನಿಂತಿತ್ತು. ಸಾಗವಾನಿ, ಹೊನ್ನೆ, ಮತ್ತಿ, ಎಲ್ಲ ಬರೀ ಕಂಬಗಳು.

ಮರೆಪ್ಪ ಮೇಲೆ ಹೋಗಿ ನೋಡಿ ಬಂದು ಹೇಳಿದ: "ನೆಲಾ ನೀರು ಕುಡೀವಲ್ದವ್ವಾ. ತಂಬಗಿ ನೀರು ಸುರುವಿದ್ರ ಎಲಿ ಮ್ಯಾಲಿನ ನೀರಿನಂಗ ಉಳ್ಳ್ಯಾಡ್ತದ."

ಸುಟ್ಟ ನೆಲ ಮಳೆಯನ್ನು ಒಲ್ಲೆ ಅಂದರೆ ಏನಾಗುತ್ತದೆ ಎಂಬುದು ಆಗ ಯಾರ ತಲೆಗೂ ಹೊಳೆಯಲಿಲ್ಲ.

ಮುಂಗಾರಿನ ಮೊದಲ ಮಳೆ, ಮಿರಗದ ಮಳೆ, ಒಂದು ದಿನ ಇಳಿಹೊತ್ತಿಗೆ ಗುಡ್ಡದ ಮೇಲೆ ಮಾತ್ರ ಸುರಿಯಿತು. ಗುಡಿಸಲುಗಳ ಮೇಲೆ ಬಿಸಿಲಿತ್ತು. ಮರೆಪ್ಪ ಆಕಾಶ ನೋಡಿದ. "ಜೋಡುಗುಂಡಿನ ಮ್ಯಾಲಕಡಿ ಮೀನಿನ ಬುಟ್ಟಿ ಇಟ್ಟೀನಿ. ನೀರು ಬಂದ್ರ ಕೊಚ್ಚಿ ಹೋಗ್ತಾವ. ತಗೊಂಡು ಬಂದುಬಿಡ್ತೀನಿ," ಎಂದು ಹೆಗಲಿಗೆ ಟವೆಲು ಹಾಕಿಕೊಂಡು ಹೊರಟ. ಬಂಡೆಮ್ಮ ಒಲೆಯ ಮುಂದಿದ್ದಳು. ಹೋಗಿ ಬಾ ಅನ್ನಲೂ ಇಲ್ಲ. ಅಷ್ಟು ಹತ್ತಿರದ ಜಾಗ.

ಸ್ವಲ್ಪ ಹೊತ್ತಿಗೆ ಅವಳಿಗೆ ಏನೋ ಕಮ್ಮಿಯಾದಂತೆ ಅನಿಸಿತು. ಹಿಟ್ಟಿನ ಕೈಯಲ್ಲೇ ಎದ್ದು ಹೊರಗೆ ಬಂದಳು. ಹಳ್ಳ ಸುಮ್ಮನಾಗಿತ್ತು. ಮೇಲೆಲ್ಲೋ ಏನೋ ಅಡ್ಡ ಬಿದ್ದಂತೆ ನೀರು ಹರಿಯುವುದನ್ನು ನಿಲ್ಲಿಸಿತ್ತು. ಕಲ್ಲುಗಳ ಬೆನ್ನು ಬರಿದಾಗಿ ಮಿರುಗುತ್ತಿತ್ತು, ತಗ್ಗಿನಲ್ಲಿ ಉಳಿದ ಮೀನುಗಳು ಪಟಪಟ ಅನ್ನುತ್ತಿದ್ದವು. ಹಸಿ ಬೂದಿಯ ವಾಸನೆ, ಆಗಷ್ಟೇ ಅಗೆದ ಮಣ್ಣಿನ ವಾಸನೆ. ಅಂಬಮ್ಮ ಕೋಲೂರಿಕೊಂಡು ಬಂದು ಪಕ್ಕದಲ್ಲಿ ನಿಂತಳು. ಅತ್ತೆ ಸೊಸೆ ಇಬ್ಬರೂ ಆ ಮೌನವನ್ನು ಕೇಳುತ್ತ ನಿಂತರು.

ಆಮೇಲೆ ಸದ್ದು ಬಂತು. ಕಲ್ಲುಹಾದಿಯಲ್ಲಿ ನೂರಾರು ಬಂಡಿಗಳು ಒಟ್ಟಿಗೆ ಓಡಿ ಬಂದ ಹಾಗೆ. ಜೋಡುಗುಂಡಿನ ಆಚೆ ಬಂದದ್ದು ನೀರಲ್ಲ, ಗಂಜಿಯಂತೆ ದಪ್ಪನೆಯ ಕೆಂಪು ಕೆಸರು. ಅದರ ಮೇಲೆ ಎಮ್ಮೆಯಷ್ಟು ದೊಡ್ಡ ಬಂಡೆಗಳು ಹಗುರವಾಗಿ ಕೂತು ಬರುತ್ತಿದ್ದವು. ಸುಟ್ಟ ಮರಗಳು ಬೇರು ಮೇಲಾಗಿ, ತಲೆ ಕೆಳಗಾಗಿ ಉರುಳಿ ಬಂದು ಆ ಇಕ್ಕಟ್ಟಿಗೆ ಬಡಿದವು. ಒಂದು ದೊಡ್ಡ ಹೊನ್ನೆ ಮರ ಎರಡು ಬಂಡೆಗಳಿಗೆ ಅಡ್ಡ ಸಿಕ್ಕಿ ನಿಂತಿತು. ಅದರ ಬೆನ್ನಿಗೆ ಇನ್ನೊಂದು, ಅದರ ಮೇಲೆ ಮತ್ತೊಂದು. ಬಂಡೆಮ್ಮ ನೋಡುತ್ತಿದ್ದಂತೆಯೇ ಅಲ್ಲಿ ಮನೆ ಎತ್ತರದ ಕಟ್ಟಿಗೆ ಒಡ್ಡು ಎದ್ದು ನಿಂತಿತು. ಕೆಸರು ಅದಕ್ಕೆ ಒರಗಿ ಉಸಿರು ಬಿಟ್ಟಂತೆ ನಿಂತಿತು. ಹಿಂದೆ ಬಂದ ನೀರು ಹಾದಿ ಕಾಣದೆ ಎಡಕ್ಕೆ ಹೊರಳಿ, ಮುತ್ತಲ ಗಿಡಗಳ ತೋಪನ್ನು ಸೀಳಿಕೊಂಡು ಬೇರೆಯೇ ದಾರಿ ಹಿಡಿಯಿತು.

ಗುಡಿಸಲುಗಳು ಉಳಿದವು. ಮರೆಪ್ಪ ಬರಲಿಲ್ಲ.

ದಂಡೆಯವರೆಲ್ಲ ಹುಡುಕಿದರು. ಕಮಲಾಪುರದಿಂದಲೂ ಜನ ಬಂದರು. ಒಡ್ಡಿನ ಹಿಂದೆ ಕೆಸರು ಸೊಂಟದ ಮಟ್ಟ, ಇಳಿದವರು ಹೂತುಹೋಗುವ ಮುಂಚೆ ಹತ್ತಿ ಬರಬೇಕು. ಒಡ್ಡನ್ನು ಮುಟ್ಟಲು ಯಾರಿಗೂ ಧೈರ್ಯವಿಲ್ಲ. ಒಂದು ದಿಮ್ಮಿ ಎಳೆದರೆ ಉಳಿದದ್ದೆಲ್ಲ ಮೈಮೇಲೆ. ಕಡೆಗೆ ಹಿರಿಯರು ಕೂತು ಮಾತಾಡಿ, ದೇಹದ ಬದಲು ಅವನ ಬಲೆಯನ್ನೇ ಮಣ್ಣು ಮಾಡಿದರು. ಹೆಂಗಸರು ಬಂಡೆಮ್ಮನ ಬಳೆ ಒಡೆಯಲು ಬಂದರು. ಅವಳು ಎರಡೂ ಕೈಗಳನ್ನು ಕಂಕುಳಲ್ಲಿ ಬಚ್ಚಿಟ್ಟುಕೊಂಡಳು.

"ನಾ ಅವಂಗ ನೋಡಿಲ್ಲ. ನೋಡೋತನಾ ಒಡೀಲಿಕ್ಕ ಬಿಡಂಗಿಲ್ಲ."

"ಬಿಡ್ರೆವ್ವಾ ಅಕಿನ್ನ," ಅಂದಳು ಅಂಬಮ್ಮ. ಮಗನನ್ನು ಕಳಕೊಂಡವಳೇ ಹಾಗಂದ ಮೇಲೆ ಹೆಂಗಸರು ಹಿಂದೆ ಸರಿದರು.

ಮರೆಪ್ಪ ಆ ಒಡ್ಡಿನ ಅಡಿಯಲ್ಲೇ ಇದ್ದಾನೆ ಎಂಬುದು ಬಂಡೆಮ್ಮನ ನಂಬಿಕೆ. ದಿನಾ ಹೋಗಿ ಕೈಗೆ ಸಿಕ್ಕ ಕಡ್ಡಿ, ಕೊಂಬೆ ಎಳೆಯುತ್ತಿದ್ದಳು. ದೊಡ್ಡ ದಿಮ್ಮಿಗಳು ಅಲುಗುತ್ತಿರಲಿಲ್ಲ. ಆಗ ಅವಳಿಗೆ ಕಲಬುರ್ಗಿಯ ಅಲ್ಲಾಬಕ್ಷ ಸಾಹೇಬರ ನೆನಪಾಯಿತು. ಮೋಮಿನಪುರದಲ್ಲಿ ಅವರದು ದೊಡ್ಡ ಕಟ್ಟಿಗೆ ಅಡ್ಡೆ. ಕಾಡಿನ ಮರ ಅಂದರೆ ಅವರು ಬರದೆ ಇರುವವರಲ್ಲ. ಅವರ ಅಡ್ಡೆಗೆ ಬಂಡಿ ಹೊಡೆಯುವ ಪೀರಪ್ಪ ಕಮಲಾಪುರದವನು, ಹೆಂಡತಿ ತೀರಿಕೊಂಡ ಒಂಟಿ ಮನುಷ್ಯ. ಬಂಡೆಮ್ಮ ಅವನ ಬಂಡಿ ಹತ್ತಿ ಕಲಬುರ್ಗಿಗೆ ಹೋದಳು. ದಾರಿಯುದ್ದಕ್ಕೂ ಪೀರಪ್ಪ ಏನೂ ಕೇಳಲಿಲ್ಲ. ಮಳೆ ಬಂದಾಗ ತನ್ನ ಕಂಬಳಿ ತೆಗೆದು ಅವಳ ಕಡೆ ಸರಿಸಿ, ತಾನು ತೊಯ್ದುಕೊಂಡು ಎತ್ತುಗಳ ಸಂಗಡ ಮಾತಾಡುತ್ತ ಕೂತ.

ಅಡ್ಡೆಯಲ್ಲಿ ಕೊಯ್ದ ಮರದ ಸಿಹಿವಾಸನೆ ತುಂಬಿತ್ತು. ಬಿಳಿಗಡ್ಡದ ಅಲ್ಲಾಬಕ್ಷ ಚಹಾ ತರಿಸಿಕೊಟ್ಟು, ಅವಳ ಮಾತು ಪೂರ್ತಿ ಕೇಳಿದರು.

"ಎಷ್ಟು ಮರ ಅದಾವ ಬೇಟಿ?"

"ಎಣಿಸ್ಲಿಕ್ಕ ಬರಂಗಿಲ್ರಿ ಸಾಹೇಬ್ರ. ಒಂದು ಗುಡ್ಡದ್ದು ಅದಾವ."

"ನಿಂಗ ಏನು ಬೇಕು?"

"ಮರ ನೀವು ಒಯ್ರಿ. ಅಡಿಯಾಗ ನನ್ನ ಮನುಷ್ಯಾ ಅದಾನ, ಅವಂಗ ನನಗ ಕೊಡ್ರಿ."

ಮುದುಕರು ಗಡ್ಡ ನೀವಿಕೊಂಡರು. "ಮಳಿಗಾಲದಾಗ ಎತ್ತು ಅಲ್ಲಿ ಇಳಿಯಂಗಿಲ್ಲವ್ವಾ. ಪರವಾನಗಿನೂ ಆಗ್ಬೇಕು. ಆದ್ರ ನಾ ಬರ್ತೀನಿ. ಜಬಾನ್ ಕೊಟ್ಟೀನಿ, ಮಾತು ಅಂದ್ರ ಮಾತು, ಹೋಗು."

ಅಂದು ಅಪ್ಪನ ಮನೆಯಲ್ಲಿ ಉಣ್ಣುವಾಗ ಅಪ್ಪ ಹೇಳಿದ, "ಇಲ್ಲೇ ಇದ್ದುಬಿಡವ್ವಾ. ಅಲ್ಲಿ ಏನದ ನಿಂಗ?"

ಬಂಡೆಮ್ಮ ತಟ್ಟೆ ನೋಡುತ್ತ ಅಂದಳು: "ಮನಿ ಮುಂದ ಈಗ ಹೊಳಿ ಇಲ್ಲಪ್ಪಾ. ಅಂವ ಬಂದ್ರ ಗುರ್ತು ಹೆಂಗ ಹಿಡೀತಾನ? ಯಾರರ ಒಬ್ರು ಅಲ್ಲಿ ಕುಂದ್ರಬೇಕು."

ಮರುದಿನ ಅವಳು ಪೀರಪ್ಪನ ಬಂಡಿಯಲ್ಲೇ ಹಿಂದಿರುಗಿದಳು.

ಪರವಾನಗಿ ಎಂಬುದು ಆ ಕಾಲಕ್ಕೆ ಬೇಗ ಬರುವ ವಸ್ತುವಲ್ಲ. ಒಂದು ಚಳಿಗಾಲ ಹೋಯಿತು, ಬೇಸಿಗೆ ಹೋಯಿತು, ಇನ್ನೊಂದು ಮಳೆಗಾಲವೂ ಬಂತು. ಬಂಡೆಮ್ಮ ಒಡ್ಡಿನ ಹತ್ತಿರ ಹೋಗುವುದನ್ನು ಬಿಡಲಿಲ್ಲ. ಮೊದಮೊದಲು ಕೊಂಬೆ ಎಳೆಯಲು ಹೋಗುತ್ತಿದ್ದಳು. ಆಮೇಲೆ ಸುಮ್ಮನೆ ಕೂರಲು ಹೋಗತೊಡಗಿದಳು. ಕೂತವಳ ಮುಂದೆ ಹಳ್ಳ ದಿನಕ್ಕಿಷ್ಟು ಬದಲಾಗುತ್ತಿತ್ತು.

ಕಪ್ಪು ಗುಡ್ಡಕ್ಕೆ ಮೊದಲು ಹುಲ್ಲು ಬಂತು, ಕಣ್ಣು ಚುಚ್ಚುವಂಥ ಹಸಿರು. ಸತ್ತೇ ಹೋದವು ಅಂದುಕೊಂಡ ಸಾಗವಾನಿ ಬೊಡ್ಡೆಗಳು ಚಿಗುರಿ, ಮೊರದಗಲದ ಎಲೆಗಳನ್ನು ಬಿಚ್ಚಿದವು. ಒಡ್ಡಿನ ಹಿಂದಿನ ಕೆಸರು ಆರಿ ಗಟ್ಟಿಯಾಗಿ, ಅದರ ಮುಂದೆ ತಿಳಿನೀರಿನ ಮಡುವೊಂದು ನಿಂತಿತು. ಬೆಳಗಿನ ಹೊತ್ತು ಅದರಲ್ಲಿ ಗುಡ್ಡ ತಲೆಕೆಳಗಾಗಿ ನಿಲ್ಲುತ್ತಿತ್ತು. ಹೊಸ ಹಾದಿಯ ನೀರು ಕೊರೆದ ಕಡಿದಾದ ದಂಡೆಯಲ್ಲಿ ಮಿಂಚುಳ್ಳಿಗಳು ತೂತು ಕೊರೆದು ಗೂಡು ಮಾಡಿದವು. ಮನೆಯ ಮುಂದಿನ ಹಳೆಯ ಹಳ್ಳದಲ್ಲಿ ಅಲ್ಲಲ್ಲಿ ನೀರು ನಿಂತು, ಆಪಿನ ಹುಲ್ಲು ಆಳೆತ್ತರ ಬೆಳೆದು, ಅದರೊಳಗೆ ನೀರುಕೋಳಿಗಳು ಕೂಗತೊಡಗಿದವು. ಒಡ್ಡಿನ ದಿಮ್ಮಿಗಳ ಮೇಲೆ ಮಣ್ಣು ಕೂತು, ಆ ಮಣ್ಣಿನಲ್ಲಿ ಲಕ್ಕಿ ಗಿಡ, ಹೊಂಗೆ ಸಸಿ. ಬಿದ್ದ ಹೊನ್ನೆ ಮರವೇ ಒಂದು ಕಡೆಯಿಂದ ಚಿಗುರಿತ್ತು. ಬುಡ ಎಲ್ಲಿ, ತುದಿ ಎಲ್ಲಿ ಎಂದು ಅದಕ್ಕೇ ಮರೆತುಹೋದಂತಿತ್ತು.

ಮಧ್ಯಾಹ್ನದ ಬಿಸಿಲಿಗೆ ಕಣ್ಣು ಎಳೆದಾಗ ಬಂಡೆಮ್ಮನಿಗೆ ಕನಸು ಬೀಳುತ್ತಿತ್ತು. ಆ ದಿಮ್ಮಿಗಳ ಸಂದಿಯೊಳಗೆ ಒಂದು ಮನೆ. ತೊಲೆಗಳಿಂದ ಹಸಿರು ಬೆಳಕು ಸೋರುತ್ತದೆ. ಮರೆಪ್ಪ ಗೋಡೆಗೆ ಒರಗಿ ಬಲೆ ಹೆಣೆಯುತ್ತಿದ್ದಾನೆ, ಅವನ ಬೆರಳ ಸಂದಿಯಲ್ಲಿ ಮರಿಮೀನುಗಳು ಹಾಯುತ್ತವೆ. ಅವಳು ಕರೆದರೆ ತಲೆ ಎತ್ತುವುದಿಲ್ಲ, ಆದರೆ ಕೇಳಿಸಿಕೊಂಡವನಂತೆ ನಗುತ್ತಾನೆ. ಎಚ್ಚರಾದರೆ ಮಡುವಿನ ಮೇಲೆ ಗಾಳಿ ಸುಕ್ಕು ಮೂಡಿಸುತ್ತಿರುತ್ತಿತ್ತು. ಅತ್ತೆಗೆ ಹೇಳಿದಳು. ಅಂಬಮ್ಮ ತಂಬಾಕು ತಿಕ್ಕುತ್ತ ಕೇಳಿದಳು: "ಸೊರಗಿದ್ನೇನವ್ವಾ?"

"ಇಲ್ಲತ್ತಿ. ಹಂಗೇ ಅದಾನ."

"ಹಂಗಿದ್ರ ಆತು ಬಿಡು," ಅಂದು ಅಂಬಮ್ಮ ಆಚೆ ಮುಖ ಮಾಡಿ ಕೂತಳು.

ಎರಡನೆಯ ಮಳೆಗಾಲ ಕಳೆದು ಚಳಿ ಶುರುವಾದಾಗ, ಒಂದು ಬೆಳಿಗ್ಗೆ ಒಡ್ಡಿನ ಬುಡದಿಂದ ಕಂದು ಬಣ್ಣದ ತಲೆಯೊಂದು ನೀರಿನಿಂದ ಮೇಲೆದ್ದಿತು. ಚಪ್ಪಟೆ ಮೂತಿ, ಮೀಸೆ. ಬಂಡೆಮ್ಮನನ್ನು ನೋಡಿ ಬುಸ್ ಎಂದು ಮುಳುಗಿತು. ಅವಳು ಉಸಿರು ಬಿಗಿಹಿಡಿದು ಕೂತಳು. ಅದು ಬಾಯಲ್ಲಿ ಮೀನು ಕಚ್ಚಿಕೊಂಡು ಮತ್ತೆ ಬಂದು, ಹೊನ್ನೆ ಮರದ ಅಡಿಯ ಸಂದಿಯಲ್ಲಿ ನುಸುಳಿತು. ಒಳಗಿನಿಂದ ಎಳೆಕೂಸುಗಳ ಹಾಗೆ ಕೀಚಲು ದನಿಗಳು. ಗಂಡನ ಬಾಯಲ್ಲಿ ಮಾತ್ರ ಕೇಳಿದ್ದ ನೀರುನಾಯಿ! ಎಲ್ಲಿಂದ ಬಂತೋ, ಒಡ್ಡಿನೊಳಗೆ ಮರಿ ಹಾಕಿತ್ತು. ಅಂದು ಬಂಡೆಮ್ಮ ಮನೆಗೆ ಬರುವಾಗ ತನಗೇ ಗೊತ್ತಿಲ್ಲದೆ ಓಡುತ್ತಿದ್ದಳು.

ಅದಾದ ಕೆಲವೇ ದಿನಕ್ಕೆ ಅಲ್ಲಾಬಕ್ಷ ಮಾತಿನಂತೆ ಬಂದರು. ಪೀರಪ್ಪನ ಬಂಡಿ ಮುಂದೆ, ಹಿಂದೆ ಇನ್ನೂ ಕೆಲವು ಬಂಡಿ, ಕಬ್ಬಿಣದ ಸರಪಳಿ, ಹಾರೆ, ಕರಗಸ, ಹತ್ತಾರು ಆಳು. ಆಳುಗಳ ಮುಖ್ಯಸ್ಥ ಇಮಾಮುದ್ದೀನ್ ಒಡ್ಡನ್ನು ಸುತ್ತಿ ನೋಡಿ ಹೊನ್ನೆ ಮರದ ಮೇಲೆ ಕೈಯಿಟ್ಟ. "ಸಾಹೇಬ್, ಇದೇ ಚಾವಿ. ಇದು ಹೊರಗ ಬಂತಂದ್ರ ಎಲ್ಲಾ ತಾನೇ ಬಿಚ್ಚತದ." ಸರಪಳಿ ಸುತ್ತಿದರು. ಎತ್ತುಗಳನ್ನು ಕಟ್ಟಿದರು. ಸುದ್ದಿ ಕೇಳಿ ದಂಡೆಯವರೆಲ್ಲ ನೆರೆದಿದ್ದರು. ಅಂಬಮ್ಮನನ್ನು ಹಿಡಿದುಕೊಂಡು ಬಂಡೆಮ್ಮನೂ ನಿಂತಿದ್ದಳು. ಇಷ್ಟು ದಿನ ಕಾದದ್ದು ಇದಕ್ಕೇ. ಇನ್ನು ಸ್ವಲ್ಪ ಹೊತ್ತಿಗೆ ಅವನನ್ನು ನೋಡಬಹುದು.

ಸರಪಳಿ ಬಿಗಿಯಾಯಿತು. ಹೊನ್ನೆ ಮರ ಕರ್ ಎಂದು ನರಳಿತು. ಆ ನರಳಾಟದ ಅಡಿಯಿಂದ ಕೀಚಲು ದನಿ ಬಂತು.

ಬಂಡೆಮ್ಮ ಅತ್ತೆಯ ಕೈ ಬಿಟ್ಟು ನೀರಿಗೆ ಇಳಿದೇಬಿಟ್ಟಳು. ಎದೆಮಟ್ಟದ ನೀರಿನಲ್ಲಿ ನಿಂತು ಎರಡೂ ಕೈಯಿಂದ ಸರಪಳಿ ಹಿಡಿದಳು.

"ನಿಲ್ಲಸ್ರಿ! ನಿಲ್ಲಸ್ರೀ ಯಪ್ಪಾ! ಒಳಗ ಬಾಣಂತಿ ಅದಾಳ!"

ಆಳುಗಳು ಬೆಚ್ಚಿಬಿದ್ದರು. ಪೀರಪ್ಪ ಎತ್ತುಗಳ ಮುಂದೆ ಹಾರಿ ಮೂಗುದಾರ ಹಿಡಿದು ಹಿಂದಕ್ಕೆ ತಳ್ಳಿದ. ಇಮಾಮುದ್ದೀನನ ಮುಖ ಬಿಳಿಚಿತು. "ಯಾರು? ಯಾರ ಮನೀ ಬಾಣಂತಿ?"

"ನೀರುನಾಯಿರೀ. ಮರಿ ಹಾಕ್ಯದ."

ಮೊದಲು ಯಾರೋ ನಕ್ಕರು, ಹಿಂದೆಯೇ ಎಲ್ಲರೂ ನಕ್ಕರು. ಅಲ್ಲಾಬಕ್ಷ ನಗಲಿಲ್ಲ. ದಂಡೆಯ ಕಲ್ಲಿನ ಮೇಲೆ ಕೂತು ಅವಳನ್ನೇ ನೋಡಿದರು.

"ಬೇಟಿ, ನೀನೇ ಬಂದು ಕರದಿದ್ದಿ. ನಿನ್ನ ಗಂಡ ಬ್ಯಾಡೇನು ನಿಂಗ?"

ಬಂಡೆಮ್ಮ ನೀರಿನಲ್ಲಿ ನಿಂತೇ ಅಳತೊಡಗಿದಳು. ಗಂಡ ಬಾರದೆ ಹೋದಾಗಲೂ ಅಳದವಳು, ಬಲೆ ಹೂಳುವಾಗಲೂ ಅಳದವಳು, ಈಗ ಸರಪಳಿಗೆ ಹಣೆ ಹಚ್ಚಿ ಬಿಕ್ಕಿ ಬಿಕ್ಕಿ ಅತ್ತಳು. ಅಳುವಿನ ನಡುವೆಯೇ ಅಂದಳು: "ಬೇಕ್ರಿ. ಬೇಕಂತನೇ ಬಂದಿದ್ದೆ. ಆದ್ರ ಈಗ ತೆಗದ್ರ ಎಲುಬು ಸಿಗ್ತಾವ್ರಿ, ಅಂವ ಎಲ್ಲಿ ಸಿಗ್ತಾನ?"

ಅಂಬಮ್ಮ ದಂಡೆಯಿಂದ ಕೂಗಿದಳು, "ಸಾಹೇಬ್ರ, ನಾನು ಹಡದಾಕಿ ಹೇಳ್ತೀನಿ. ಇರಲಿ ಬಿಡ್ರಿ. ಅಲ್ಲೇ ಇರಲಿ."

ಅಲ್ಲಾಬಕ್ಷ ಬೀಡಿ ಹಚ್ಚಿದರು. ಅದು ಮುಗಿಯುವುದರೊಳಗೆ ತಾಯಿ ನೀರುನಾಯಿ ಮಡುವಿನ ಆಚೆ ತಲೆ ಎತ್ತಿ ಜನರನ್ನೆಲ್ಲ ದುರುಗುಟ್ಟಿ ನೋಡಿ, ಬಾಯಲ್ಲಿದ್ದ ಮೀನನ್ನು ಬಿಡದೆ ಸಂದಿಗೆ ನುಗ್ಗಿತು. ಮುದುಕರ ಗಡ್ಡದೊಳಗೆ ನಗು ಮೂಡಿತು. "ಇಮಾಮು, ಸರಪಳಿ ಬಿಚ್ಚು. ದಂಡಿ ಮ್ಯಾಲ ಬಿದ್ದಿದ್ದು ತುಂಬ್ರಿ, ಅದೇ ಬಂಡಿಗೆ ಸಾಕಾಗ್ತದ. ಇದಕ್ಕ ಮುಂದಿನ ವರ್ಷ ಬರೋಣು."

ಅಂದು ಸಂಜೆ ಬಂಡಿಗಳು ಹೋದ ಮೇಲೆ ಬಂಡೆಮ್ಮ ಒಡ್ಡಿನ ಹತ್ತಿರ ಒಬ್ಬಳೇ ಹೋದಳು. ಕಲ್ಲಿಗೆ ಕೈಯಿಟ್ಟು ಬಳೆಗಳನ್ನು ತಾನೇ ಒಡೆದುಕೊಂಡಳು. ಹಸಿರು ಚೂರುಗಳು ಮಡುವಿನೊಳಗೆ ಓಲಾಡುತ್ತ ಇಳಿದವು. ಮಣಿಕಟ್ಟಿನಲ್ಲಿ ಸ್ವಲ್ಪ ರಕ್ತ ಬಂತು. ಅದನ್ನು ನೀರಿನಲ್ಲಿ ತೊಳೆದುಕೊಂಡು ಮನೆಗೆ ಬಂದು, ಅತ್ತೆಯ ಮಡಿಲಲ್ಲಿ ತಲೆಯಿಟ್ಟು ಮಲಗಿದಳು.

ಮುಂದಿನ ವರ್ಷ ಅಲ್ಲಾಬಕ್ಷ ಬರಲಿಲ್ಲ, ಪೀರಪ್ಪನನ್ನು ನೋಡಿ ಬರಲು ಕಳಿಸಿದರು. ಅಷ್ಟರಲ್ಲಿ ಮಳೆ ತಂದ ಮೆಕ್ಕಲು ಮಣ್ಣು ಒಡ್ಡನ್ನು ಅರ್ಧ ನುಂಗಿತ್ತು. ದಿಮ್ಮಿ ಅಗೆದು ತೆಗೆಯುವುದಕ್ಕಿಂತ ಹೊಸ ಮರ ಕಡಿಯುವುದೇ ಸುಲಭ. ಅದನ್ನು ಹೇಳಲು ಬಂದ ಪೀರಪ್ಪ ಅಂಬಮ್ಮನ ಅಂಗಳದಲ್ಲಿ ಕೂತು ರೊಟ್ಟಿ ತಿಂದು ಹೋದ. ಆಮೇಲೆ ಕಾರಣವಿಲ್ಲದೆಯೂ ಬರತೊಡಗಿದ. ಒಮ್ಮೆ ಅಂಬಮ್ಮನೇ ಕೇಳಿಬಿಟ್ಟಳು, "ಪೀರಪ್ಪಾ, ರೊಟ್ಟಿ ತಿನ್ಲಿಕ್ಕೇ ಇಷ್ಟು ದೂರ ಬರ್ತೀಯೋ, ಮತ್ತೇನರ ಅದನೋ?"

ಪೀರಪ್ಪ ಎತ್ತಿನ ಕೊರಳಗಂಟೆ ಒರೆಸುತ್ತ ನಿಂತ. "ನಿಮಗ ತಿಳಿದದ್ದೇ ಅದ, ಎವ್ವಾ."

ಬಂಡೆಮ್ಮ ಒಂದು ಮಾತು ಮಾತ್ರ ಕೇಳಿದಳು. "ನಾ ಈ ದಂಡಿ ಬಿಟ್ಟು ಬರಂಗಿಲ್ಲ. ಅತ್ತಿನ್ನೂ ಬಿಡಂಗಿಲ್ಲ. ಒಪ್ಪಿಗಿ ಅದನು?"

"ನಾ ಬಂಡಿ ಹೊಡಿಯಾಂವ. ನನಗ ಎಲ್ಲಿ ಎತ್ತು ಬಿಚ್ಚಿದ್ರೂ ಅದೇ ಮನಿ," ಅಂದ ಅವನು.

ಅವರಲ್ಲಿ ವಿಧವೆಗೆ ಉಡಿಕಿ, ಅಂದರೆ ಮರುಮದುವೆ, ಮಾಡಿಸುವ ಪದ್ಧತಿ ಇತ್ತು. ಅಂಬಮ್ಮ ತಾನೇ ಮುಂದೆ ನಿಂತು, ಮಗನ ಹೆಂಡತಿಯ ಕೈಗೆ ಹೊಸ ಬಳೆ ಇಡಿಸಿದಳು.

ಆಮೇಲಿನ ವರ್ಷಗಳಲ್ಲಿ ಒಡ್ಡು ಪೂರ್ತಿ ಮರೆಯಾಯಿತು. ಹಳ್ಳ ಎರಡು ಕವಲಾಗಿ ಅದನ್ನು ಬಳಸಿಕೊಂಡು ಹರಿಯಿತು, ನಡುವೆ ಒಂದು ನಡುಗಡ್ಡೆ ಎದ್ದು ನಿಂತಿತು. ಕೆಂಪು ಮಣ್ಣು, ಬೂದಿ, ಕೊಳೆತ ಎಲೆ ಎಲ್ಲ ಸೇರಿದ ಆ ನೆಲದಲ್ಲಿ ಪೀರಪ್ಪ ಬಾಳೆ ನೆಟ್ಟ. ಗೊನೆಗಳನ್ನು ಬಂಡಿಯಲ್ಲಿ ಕಲಬುರ್ಗಿಗೆ ಒಯ್ದಾಗ ಮೊದಲ ಗೊನೆಯನ್ನು ಬಂಡೆಮ್ಮ ಮೋಮಿನಪುರದ ಅಡ್ಡೆಯಲ್ಲಿ ಇಳಿಸಿದಳು. ಕಣ್ಣು ಮಂಜಾಗಿದ್ದ ಅಲ್ಲಾಬಕ್ಷ ಹಣ್ಣು ಸುಲಿದು ತಿಂದು, "ಎಲ್ಲಿದು ಬೇಟಿ?" ಎಂದರು. "ನೀವು ಬಿಟ್ಟು ಬಂದ ಮರದ ಮ್ಯಾಲಿಂದು ಸಾಹೇಬ್ರ," ಅಂದಳು ಅವಳು. ಅವರಿಗೆ ಕೂಡಲೇ ತಿಳಿಯಲಿಲ್ಲ. ತಿಳಿದ ಮೇಲೆ ಇನ್ನೊಂದು ಹಣ್ಣಿಗೆ ಕೈ ಹಾಕಿದರು.

ಹೊಸದಾಗಿ ಬಂದವರು ನಡುಗಡ್ಡೆಯನ್ನು ಮೊದಲಿನಿಂದಲೂ ಇದ್ದದ್ದು ಅಂದುಕೊಳ್ಳುತ್ತಿದ್ದರು. ಬಂಡೆಮ್ಮ ತಿದ್ದಲು ಹೋಗುತ್ತಿರಲಿಲ್ಲ. ಮಗಳು ಹುಟ್ಟಿದ ಮೇಲೆ ಅವಳನ್ನು ಸೊಂಟಕ್ಕೆ ಏರಿಸಿಕೊಂಡು ತೋಟಕ್ಕೆ ಹೊಳೆ ದಾಟುವುದು ರೂಢಿಯಾಯಿತು. ನೀರು ಮೊಣಕಾಲಿಗೆ ಬರುತ್ತಿತ್ತು. ಕೂಸು ಬಗ್ಗಿ ಬೆರಳು ಅದ್ದುತ್ತಿತ್ತು, ಬೆರಳ ಹಿಂದೆ ನೀರು ಗೆರೆ ಕೊರೆದು ಮುಚ್ಚಿಕೊಳ್ಳುತ್ತಿತ್ತು. ತಾಯಿ ಅವಸರ ಮಾಡದೆ, ಕೂಸಿಗೆ ಸಾಕು ಅನ್ನಿಸುವವರೆಗೆ ನಡುನೀರಿನಲ್ಲೇ ನಿಲ್ಲುತ್ತಿದ್ದಳು.